ಆಮೆಯ ಅಸ್ವಾಸ್ಥ್ಯ



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಹಸುವಿಗೆ ಮೈ ಸರಿಯಿಲ್ಲವೆಂಬುದನ್ನು ಮೊದಲು ಕಂಡುಹಿಡಿಯುವವರು ಮನೆಯ ಹೆಂಗಸರು. ಮೆಲುಕು ನಿಂತಿತೆಂದೋ, ಮೂತಿಯ ಪಸೆ ಆರಿತೆಂದೋ, ಕಿವಿ ತಣ್ಣಗಾಯಿತೆಂದೋ ಅವರು ಹೇಳಿ ಮುಗಿಸಿದ ಮೇಲೆ ಪಶುವೈದ್ಯನು ತನ್ನ ಬುದ್ಧಿಯಿಂದ ಸೇರಿಸಬೇಕಾದುದು ಬಹಳವೇನೂ ಉಳಿದಿರುವುದಿಲ್ಲ. ತಲೆತಲಾಂತರದಿಂದ ಹೀಗೆ ಬಂದಿರುವ ಈ ಪಶುಜ್ಞಾನವು, ಅದೇ ಮನೆಯ ಹಿತ್ತಿಲ ತೊಟ್ಟಿಯಲ್ಲಿಯೋ ತೋಟದ ಬಾವಿಯಲ್ಲಿಯೋ ಇರತಕ್ಕ ಆಮೆಯ ವಿಷಯಕ್ಕೆ ಬಂದೊಡನೆ ಥಟ್ಟನೆ ನಿಂತುಬಿಡುತ್ತದೆ. ಆಮೆ ಅಂಬಾ ಎನ್ನುವುದಿಲ್ಲ, ಹಾಲು ಕಡಿಮೆ ಮಾಡುವುದಿಲ್ಲ, ನೊಗಕ್ಕೆ ಕುತ್ತಿಗೆ ಕೊಡಲು ಒಲ್ಲೆನೆನ್ನುವುದಿಲ್ಲ. ನಿನ್ನೆ ಕುಳಿತಿದ್ದ ಮೂಲೆಯಲ್ಲಿ ಇಂದೂ ಕುಳಿತಿರುತ್ತದೆ, ಅಷ್ಟೆ. ಆದಕಾರಣ ಅದರ ರೋಗವು ಮನೆಯವರ ಕಣ್ಣಿಗೆ ಬೀಳುವ ಹೊತ್ತಿಗೆ ಎಷ್ಟೋ ವಾರಗಳಷ್ಟು, ಕೆಲವೊಮ್ಮೆ ಎಷ್ಟೋ ತಿಂಗಳುಗಳಷ್ಟು ಹಳೆಯದಾಗಿರುತ್ತದೆ. ಇದಕ್ಕಿಂತ ಖೇದಕರವಾದ ಸಂಗತಿಯೆಂದರೆ, ಆ ರೋಗದ ಬಹುಪಾಲು ಆ ಮನೆಯವರೇ ಅತ್ಯಂತ ಪ್ರೀತಿಯಿಂದ, ಭಕ್ತಿಯಿಂದ, ದಿನದಿನವೂ ಕೊಟ್ಟದ್ದಾಗಿರುತ್ತದೆ. ಈ ಕಾಲು ಗಂಟೆಯಲ್ಲಿ ನಾನು ನಿಮ್ಮ ಮುಂದೆ ಅರಿಕೆ ಮಾಡಿಕೊಳ್ಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ನಮ್ಮ ಸೀಮೆಯಲ್ಲಿ ಮನುಷ್ಯನ ಸೆರೆಯಲ್ಲಿರುವ ಆಮೆಗಳಲ್ಲಿ ಮೊದಲನೆಯದು ಹಾಲಾಮೆ. ನೊಣವಿನಕೆರೆ, ಮಲ್ಲಾಘಟ್ಟದಂತಹ ಕೆರೆಗಳ ಅಂಗಳದ ಕೆಸರು ಇದರ ಸಹಜವಾದ ಮನೆ. ಕೆರೆ ಬತ್ತಿದರೆ ಕೆಸರಿನೊಳಕ್ಕೆ ಇಳಿದು ಮಲಗಿ, ಮಳೆ ಬಿದ್ದಾಗ ಎದ್ದುಬರುವುದು ಇದರ ಜೀವನಕ್ರಮ. ಬಾವಿಯ ನೀರು ಶುದ್ಧವಾಗಿರುವುದೆಂಬ ನಂಬಿಕೆಯಿಂದ ಹಿಂದಿನವರು ಇದನ್ನು ತಂದು ತೋಟದ ಬಾವಿಗೆ ಬಿಡುತ್ತಿದ್ದರು. ಮೆಟ್ಟಿಲಿದ್ದ ಹಳೆಯ ಬಾವಿಗಳಲ್ಲಿ ಅದು ಹೇಗೋ ಕಲ್ಲಿನ ಮೇಲೆ ಹತ್ತಿ ಬಿಸಿಲು ಕಾಯಿಸಿಕೊಳ್ಳುತ್ತಿತ್ತು; ಸಿಮೆಂಟಿನ ಬಳೆಗಳನ್ನಿಳಿಸಿದ ನೆಟ್ಟನೆಯ ಬಾವಿಗಳಲ್ಲಿ ಅದಕ್ಕೆ ಕಾಲೂರಲು ಗೇಣು ಜಾಗವೂ ಇಲ್ಲ. ಈಚೆಗೆ ಕೊಳವೆಬಾವಿಗಳ ದೆಸೆಯಿಂದ ತೆರೆದ ಬಾವಿಗಳು ಬತ್ತಿ, ಆ ಆಮೆಗಳಲ್ಲಿ ಕೆಲವು ನೀರಿನ ತೊಟ್ಟಿಗಳಿಗೆ ವರ್ಗವಾಗಿವೆ. ಎರಡನೆಯದು ನಕ್ಷತ್ರ ಆಮೆ. ಇದು ನೆಲದ ಆಮೆ, ಕೆರೆಯದಲ್ಲ. ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಯ ಕುರುಚಲು ಕಾಡುಗಳಲ್ಲಿಯೂ ಅದಕ್ಕೆ ತಾಗಿದ ಆಂಧ್ರದ ಒಣಭೂಮಿಯಲ್ಲಿಯೂ ಹುಲ್ಲು ಮೇಯ್ದುಕೊಂಡು ಬದುಕುವ ಸಾಧುಪ್ರಾಣಿ. ಬೆನ್ನಿನ ಮೇಲಿನ ಹಳದಿಯ ಕಿರಣಗಳ ಸೊಬಗೇ ಇದಕ್ಕೆ ಶತ್ರುವಾಗಿ, ಐಶ್ವರ್ಯ ತರುವುದೆಂಬ ಮಾತಿನೊಡನೆ ಕೈಯಿಂದ ಕೈಗೆ ದಾಟಿ ಇಲ್ಲಿಯ ದೇವರ ಮನೆಗಳನ್ನು ಸೇರಿದೆ. ಮೂರನೆಯದು ಕಿವಿಯ ಬಳಿ ಕೆಂಪು ಪಟ್ಟೆಯುಳ್ಳ ಅಮೆರಿಕದ ಆಮೆ. ಪಟ್ಟಣದಲ್ಲಿ ಓದುವ ಮಕ್ಕಳು ರೂಪಾಯಿಯ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಿರುವಾಗ ಗಾಜಿನ ಬುರುಡೆಯಲ್ಲಿ ತಂದು, ತಟ್ಟೆಯಗಲ ಬೆಳೆದಾಗ ಊರಿನ ಅಜ್ಜ ಅಜ್ಜಿಯರಿಗೆ ಬಿಟ್ಟುಹೋಗುವಂಥದು.

ಕಾನೂನಿನ ಮಾತನ್ನು ಮೊದಲೇ ಆಡಿಬಿಡುವುದು ಲೇಸು. ಹಾಲಾಮೆಯಾಗಲಿ ನಕ್ಷತ್ರ ಆಮೆಯಾಗಲಿ ಮನೆಯಲ್ಲಿ ಸಾಕತಕ್ಕ ಪ್ರಾಣಿಗಳಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯ ತರುವಾಯ ಇವೆರಡೂ ಒಂದನೆಯ ಅನುಸೂಚಿಯಲ್ಲಿವೆ. ಹುಲಿಗೆ ಸಲ್ಲುವ ರಕ್ಷಣೆಯೇ ಇವಕ್ಕೂ ಸಲ್ಲುತ್ತದೆ, ತಪ್ಪಿತಸ್ಥರಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸವುಂಟು. ದೇಶದೇಶಗಳ ನಡುವಿನ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದಲ್ಲಿಯೂ ನಕ್ಷತ್ರ ಆಮೆಯನ್ನು 2019ರಲ್ಲಿ ಅತ್ಯಂತ ಕಟ್ಟುನಿಟ್ಟಾದ ಮೊದಲ ಪಟ್ಟಿಗೆ ಏರಿಸಿದ್ದಾರೆ. ಆದುದರಿಂದ ನಾನು ಈಗ ಹೇಳುವುದನ್ನು ಆಮೆ ಸಾಕುವ ವಿಧಾನವೆಂದು ಯಾರೂ ತಿಳಿಯಬಾರದು. ಕಾಯಿಲೆಯ ಆಮೆಯೊಂದು ಹೇಗೋ ನಿಮ್ಮ ಅಂಗಳಕ್ಕೆ ಬಂದು ಬಿದ್ದಿದ್ದರೆ, ಸರಿಯಾದ ಕೈಗೆ ಅದನ್ನು ಒಪ್ಪಿಸುವ ತನಕ ಏನನ್ನು ನೋಡಬೇಕು, ಏನನ್ನು ಮಾಡಬೇಕು, ಅದಕ್ಕಿಂತ ಹೆಚ್ಚಾಗಿ ಏನನ್ನು ಮಾಡಕೂಡದು ಎಂಬುದಷ್ಟೇ ಇದರ ಉದ್ದೇಶ.

ಆಮೆಯ ರೋಗವನ್ನರಿಯಬೇಕಾದರೆ ಅದರ ದೇಹರಚನೆಯನ್ನು ಸ್ವಲ್ಪ ಅರಿಯಬೇಕು. ಚಿಪ್ಪೆಂಬುದು ಆಮೆ ವಾಸಮಾಡುವ ಮನೆಯೆಂದು ನಾವು ಮಕ್ಕಳಿಗೆ ಹೇಳುವ ಕಥೆಗಳಲ್ಲಿ ಬರುತ್ತದೆ. ಅದು ಮನೆಯಲ್ಲ, ಮೈ. ನಮ್ಮ ಬೆನ್ನೆಲುಬು ಪಕ್ಕೆಲುಬುಗಳು ಅಗಲವಾಗಿ ಹರಡಿ ಒಂದಕ್ಕೊಂದು ಬೆಸೆದುಕೊಂಡು, ಅದರ ಮೇಲೆ ಉಗುರಿನ ಜಾತಿಯ ಪದಾರ್ಥದ ಬಿಲ್ಲೆಗಳು ಹೊದೆಸಲ್ಪಟ್ಟಿದ್ದರೆ ಹೇಗೋ ಹಾಗೆ. ಹಾಲಾಮೆಗೆ ಆ ಬಿಲ್ಲೆಗಳೂ ಇಲ್ಲ, ಚರ್ಮವೇ ಹೊದಿಕೆ. ಅದರೊಳಗೆ ರಕ್ತ ಹರಿಯುತ್ತದೆ, ನರಗಳು ಮುಟ್ಟಿದ್ದನ್ನು ತಿಳಿಯುತ್ತವೆ. ಓಡಿಹೋಗದಿರಲೆಂದು ಚಿಪ್ಪಿನ ಅಂಚಿಗೆ ತೂತು ಕೊರೆದು ಹಗ್ಗ ಕಟ್ಟುವವರು, ಹಸುವಿನ ಪಕ್ಕೆಲುಬಿಗೆ ತೂತು ಕೊರೆಯುವಷ್ಟೇ ಹಿಂಸೆಯನ್ನು ಮಾಡುತ್ತಿದ್ದಾರೆಂಬುದು ಅವರಿಗೆ ತಿಳಿದಿರುವುದಿಲ್ಲ. ಪಕ್ಕೆಲುಬುಗಳು ಹೀಗೆ ಬೆಸೆದುಹೋಗಿರುವುದರಿಂದ ಆಮೆಗೆ ಎದೆಯನ್ನು ಹಿಗ್ಗಿಸಿ ಉಸಿರೆಳೆಯಲಾಗದು. ನಮ್ಮಲ್ಲಿರುವಂತಹ ವಪೆಯೂ ಅದಕ್ಕಿಲ್ಲ. ಕಾಲುಬುಡದ ಮತ್ತು ಹೊಟ್ಟೆಯ ಸ್ನಾಯುಗಳಿಂದ ಒಳಗಿನ ಅವಯವಗಳನ್ನು ಹಿಂದುಮುಂದಾಗಿ ತಳ್ಳಿ, ಬೆನ್ನಚಿಪ್ಪಿನ ಅಡಿಯಲ್ಲಿರುವ ಶ್ವಾಸಕೋಶಗಳಿಗೆ ಗಾಳಿ ತುಂಬಿಸಿಕೊಳ್ಳುತ್ತದೆ. ಈ ವ್ಯವಸ್ಥೆಯ ದೊಡ್ಡ ಕೊರತೆಯೆಂದರೆ, ಆಮೆಗೆ ನಮ್ಮಂತೆ ಬಲವಾಗಿ ಕೆಮ್ಮಿ ಕಫವನ್ನು ಹೊರಹಾಕುವ ಶಕ್ತಿಯಿಲ್ಲ. ನಮಗೆ ನೆಗಡಿಯಾದರೆ ಶುಂಠಿ ಕಷಾಯ ಕುಡಿದು ನಾಲ್ಕು ದಿನ ಸೀನಿ ಎದ್ದು ಓಡಾಡುತ್ತೇವೆ. ಅದೇ ನೆಗಡಿ ಆಮೆಯ ಶ್ವಾಸಕೋಶಕ್ಕೆ ಇಳಿದರೆ ಅಲ್ಲಿಯೇ ನಿಲ್ಲುತ್ತದೆ, ಅಲ್ಲಿಯೇ ಗಟ್ಟಿಯಾಗುತ್ತದೆ. ಅದರ ಕೀವೂ ನಮ್ಮ ಕೀವಿನಂತೆ ತೆಳುವಾಗಿ ಹರಿದುಹೋಗುವುದಲ್ಲ, ಗಡ್ಡೆ ಕಟ್ಟುವಂಥದು.

ಇನ್ನೊಂದು ಸಂಗತಿ ಇದಕ್ಕಿಂತಲೂ ಮುಖ್ಯ. ಆಮೆ ಶೀತರಕ್ತದ ಪ್ರಾಣಿ. ತನ್ನ ಮೈಯ ಕಾವನ್ನು ತಾನೇ ಹುಟ್ಟಿಸಿಕೊಳ್ಳಲಾರದೆ ಬಿಸಿಲಿನಿಂದ, ಬಿಸಿಯಾದ ನೆಲದಿಂದ ಅದನ್ನು ಸಾಲ ಪಡೆಯುತ್ತದೆ. ನಕ್ಷತ್ರ ಆಮೆಯ ಕರುಳು ಉಂಡದ್ದನ್ನು ಅರಗಿಸಬೇಕಾದರೂ, ರಕ್ತವು ರೋಗಾಣುಗಳೊಡನೆ ಹೋರಾಡಬೇಕಾದರೂ, ವೈದ್ಯನು ಕೊಟ್ಟ ಔಷಧವು ಮೈಗೆ ಹತ್ತಬೇಕಾದರೂ ಹಗಲಿನಲ್ಲಿ ಸುಮಾರು 27ರಿಂದ 32 ಡಿಗ್ರಿ ಸೆಂಟಿಗ್ರೇಡಿನ ಕಾವು ಅದಕ್ಕೆ ದೊರೆಯತಕ್ಕದ್ದು. ಸಮುದ್ರಮಟ್ಟದಿಂದ ಸುಮಾರು 850 ಮೀಟರಿನೆತ್ತರದಲ್ಲಿರುವ ನಮ್ಮ ತಿಪಟೂರಿನಲ್ಲಿ ಧನುರ್ಮಾಸದ ರಾತ್ರಿಗಳ ಚಳಿ ಎಂಥದೆಂಬುದು ಆ ಹೊತ್ತಿನ ಪೂಜೆಗೆ ತಣ್ಣೀರಿನ ಸ್ನಾನ ಮಾಡಿ ಹೋದವರಿಗೆ ಗೊತ್ತು. ಆ ಚಳಿಯಲ್ಲಿ ಸಿಮೆಂಟಿನ ನೆಲದ ಮೇಲೆ ಕುಳಿತ ಆಮೆಯ ಹೊಟ್ಟೆಯಲ್ಲಿ ಉಂಡ ಅನ್ನ ಅರಗದೆ ಹುಳಿಯುತ್ತದೆ. ತೆಂಗಿನ ತೋಟದ ನೆರಳು ನಮಗೆ ಹಿತವಾದುದು ನಿಜ. ಆದರೆ ವರ್ಷದುದ್ದಕ್ಕೂ ಆ ಗರಿಗಳ ನೆರಳಿನಲ್ಲಿಯೇ ಕಟ್ಟಿಹಾಕಿದ ಆಮೆಗೆ ಅದು ಹಿತವಲ್ಲ. ಗಾಜಿನ ಕಿಟಕಿಯ ಹಿಂದಿನ ಬಿಸಿಲೂ ಪ್ರಯೋಜನವಿಲ್ಲ; ಸುಣ್ಣದ ಅಂಶವನ್ನು ಎಲುಬಿಗೆ ಸೇರಿಸುವ ಜೀವಸತ್ವವನ್ನು ಚರ್ಮದಲ್ಲಿ ಹುಟ್ಟಿಸತಕ್ಕ ನೇರಳಾತೀತ ಕಿರಣಗಳನ್ನು ಗಾಜು ತಡೆದುಬಿಡುತ್ತದೆ.

ಇನ್ನು ಗುರುತಿಸುವ ಬಗೆ. ತಿಪಟೂರಿನ ಉಂಡೆ ಕೊಬ್ಬರಿಯ ವ್ಯಾಪಾರಿಯು ಅಟ್ಟದಿಂದಿಳಿಸಿದ ಕಾಯನ್ನು ಒಡೆಯದೆ, ಕಿವಿಯ ಬಳಿ ಅಲುಗಿಸಿ, ಅಂಗೈಯಲ್ಲಿ ತೂಗಿ, ಒಳಗಿನ ಗಿಟುಕು ಚಿಪ್ಪು ಬಿಟ್ಟಿದೆಯೇ ಕೊಳೆತಿದೆಯೇ ಎಂಬುದನ್ನು ಹೇಳಿಬಿಡುತ್ತಾನಲ್ಲವೆ? ಆಮೆಯನ್ನು ಪರೀಕ್ಷಿಸುವವನ ಕೆಲಸವೂ ಇದೇ ಜಾತಿಯದು. ಅವನ ಮೊದಲ ಸಾಧನ ತಕ್ಕಡಿ. ಆರೋಗ್ಯವಂತ ಆಮೆಯನ್ನು ಎತ್ತಿದರೆ ಅದರ ಗಾತ್ರಕ್ಕೆ ಮೀರಿದ ಭಾರವಾಗಿ ಕೈಗೆ ತೋರುತ್ತದೆ, ಕಾಲುಗಳನ್ನು ಬಿರುಸಾಗಿ ಒಳಕ್ಕೆಳೆದುಕೊಳ್ಳುತ್ತದೆ. ರೋಗಿಯಾದುದು ಬರಿದಾದಂತೆ ಹಗುರ, ಅಥವಾ ಮೂತ್ರಪಿಂಡ ಕೆಟ್ಟು ನೀರು ತುಂಬಿದ್ದರೆ ಅಸಹಜವಾಗಿ ಭಾರ, ಕಾಲೆಳೆದರೆ ಪ್ರತಿಭಟನೆಯಿಲ್ಲ. ಊಟ ಬಿಟ್ಟದ್ದನ್ನು ಮಾತ್ರ ರೋಗಲಕ್ಷಣವೆಂದು ನಂಬಿ ಕೂರಬಾರದು, ಏಕೆಂದರೆ ಕಡುಬೇಸಗೆಯಲ್ಲಿಯೂ ಚಳಿಯಲ್ಲಿಯೂ ಆಮೆ ತಾನಾಗಿಯೇ ಉಪವಾಸ ಮಾಡುವುದುಂಟು. ಬಿಸಿಲು ಹಿತವಾಗಿರುವ ದಿನಗಳಲ್ಲಿ, ಹಸಿರು ಕಣ್ಮುಂದಿದ್ದರೂ, ದಿನಗಟ್ಟಲೆ ಮೂತಿ ಹಾಕದಿದ್ದರೆ ಅದು ರೋಗ. ಮೂಗಿನ ಬಳಿ ನೀರ್ಗುಳ್ಳೆ, ಒಣಗಿ ಹತ್ತಿದ ಸಿಂಬಳ, ಕತ್ತನ್ನು ಉದ್ದಕ್ಕೆ ಚಾಚಿ ಬಾಯ್ದೆರೆದು ಉಸಿರಾಡುವುದು, ಉಸಿರಿನೊಡನೆ ಕಿರ್ರೆಂಬ ಸದ್ದು, ಇವು ಕಂಡರೆ ಶ್ವಾಸಕೋಶ ಕೆಟ್ಟಿದೆಯೆಂದೇ ಎಣಿಸಬೇಕು. ನೀರಿನ ಆಮೆಯಾದರೆ ಇದಕ್ಕೊಂದು ಖಚಿತವಾದ ಕುರುಹುಂಟು: ಅದು ಒಂದು ಮಗ್ಗುಲಿಗೆ ವಾಲಿ ತೇಲುತ್ತದೆ, ಮುಳುಗಲೆತ್ನಿಸಿದರೂ ಮುಳುಗಲಾರದು. ಒಂದು ಕಡೆಯ ಶ್ವಾಸಕೋಶದಲ್ಲಿ ಗಾಳಿಯಿದ್ದು ಇನ್ನೊಂದು ಕಡೆಯದು ಕಫದಿಂದ ತುಂಬಿರುವುದೇ ಇದರ ಕಾರಣ. ಬಾವಿಯ ಆಮೆ ವಾಲಿಕೊಂಡು ತೇಲುವುದನ್ನು ಕಂಡು, ವಯಸ್ಸಾಯಿತು, ಈಜಲಾರದೆ ಆಡಿಕೊಂಡಿದೆಯೆಂದು ಹೇಳಿ ಸುಮ್ಮನಾಗುವವರನ್ನು ನಾನು ಬಲ್ಲೆ.

ಕಣ್ಣೀರಿನ ವಿಷಯದಲ್ಲಿ ಒಂದು ಮಾತು. ನಮಗೆ ಕಣ್ಣಿನಿಂದ ಮೂಗಿಗೆ ನೀರಿಳಿಸುವ ನಾಳವಿದೆ, ಆಮೆಗಿಲ್ಲ. ಆದುದರಿಂದ ನೆಲದಾಮೆಯ ಕೆನ್ನೆಯ ಮೇಲೆ ಒಂದು ಹನಿ ಕಂಡರೆ ಅದಕ್ಕೆ ದುಃಖವಾಗಲಿ ರೋಗವಾಗಲಿ ಇರಲೇಬೇಕೆಂದಿಲ್ಲ. ರೆಪ್ಪೆ ಊದಿ ಕಣ್ಣು ಮುಚ್ಚಿಹೋದರೆ ಮಾತ್ರ ಬೇರೆ ಮಾತು. ಬರೀ ಅನ್ನ, ಮಂಡಕ್ಕಿ, ಮಾಂಸದ ಚೂರುಗಳಲ್ಲಿ ಬೆಳೆಸಿದ ಕೆಂಪುಪಟ್ಟೆಯ ಆಮೆಗಳಲ್ಲಿ 'ಎ' ಜೀವಸತ್ವದ ಕೊರತೆಯಿಂದ ಇದು ಪದೇ ಪದೇ ಕಾಣುತ್ತದೆ. ಕಣ್ಣು ಕಾಣದ ಆಮೆ ಎದುರಿಗಿಟ್ಟದ್ದನ್ನೂ ತಿನ್ನುವುದಿಲ್ಲ, ಆ ಮೇಲೆ ಕೆನ್ನೆಯ ಹಿಂಬದಿಯಲ್ಲಿ ಕಿವಿಯ ಗಂಟು ಏಳುತ್ತದೆ. ಆ ಗಂಟಿನೊಳಗಿರುವುದು ಗಟ್ಟಿ ಕೀವಾದುದರಿಂದ ಮಾತ್ರೆಗಳಿಂದ ಕರಗದು, ವೈದ್ಯನೇ ಕೊಯ್ದು ತೆಗೆಯಬೇಕು. ಕೊರತೆಯೆಂದು ತಿಳಿದು ಆ ಜೀವಸತ್ವವನ್ನು ಸೂಜಿಯ ಮೂಲಕ ಮಿತಿಮೀರಿ ಹಾಕಿದರೆ ಚರ್ಮವೇ ಸುಲಿದು ಬರುತ್ತದೆ. ಇದನ್ನು ಕಣ್ಣಾರೆ ಕಂಡವನಾದ್ದರಿಂದ ಒತ್ತಿ ಹೇಳುತ್ತಿದ್ದೇನೆ.

ನಾನು ಸರ್ಕಾರಿ ಪಶುಚಿಕಿತ್ಸಾಲಯದಲ್ಲಿದ್ದ ಕಾಲದಲ್ಲಿ ಮಾಯಸಂದ್ರದ ಕಡೆಯ ಅಜ್ಜಿಯೊಬ್ಬರು ಮಕ್ಕರಿಯಲ್ಲಿ ಹೊಸ ರವಿಕೆಕಣ ಹಾಸಿ, ಅದರ ಮೇಲೆ ಒಂದು ನಕ್ಷತ್ರ ಆಮೆಯನ್ನಿಟ್ಟುಕೊಂಡು ಬಂದರು. “ಸ್ವಾಮೀ, ನಮ್ಮ ಲಕ್ಷ್ಮಿ ಬಾಯೇ ಬಿಡ್ತಿಲ್ಲ. ಹಾಲಿಟ್ಟರೂ ಮೂಸಿ ನೋಡೋದಿಲ್ಲ. ಯಾರು ಕಣ್ಣು ಹಾಕಿದರೋ ಕಾಣೆ,” ಎಂದರು. ಆಮೆಯ ಚಿಪ್ಪು ಹೊಸ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಶುಕ್ರವಾರ ಶುಕ್ರವಾರ ಕೊಬ್ಬರಿ ಎಣ್ಣೆ ಹಚ್ಚಿ, ಅರಿಸಿನ ಕುಂಕುಮವಿಟ್ಟು, ಆರತಿ ಎತ್ತುತ್ತಿದ್ದರಂತೆ. ಬಿಲ್ಲೆ ಬಿಲ್ಲೆಗಳ ನಡುವಣ ಸಂದಿನಲ್ಲಿ ಆ ಎಣ್ಣೆ ಕುಂಕುಮಗಳು ವರ್ಷಗಟ್ಟಲೆ ಸೇರಿ ಗಟ್ಟಿಯಾಗಿದ್ದುವು. ಒಂದೆಡೆ ಬಿಲ್ಲೆಯ ಅಂಚನ್ನು ಉಗುರಿನಿಂದ ಒತ್ತಿದೆ, ಅಡಿಯಿಂದ ತೇವವೂ ದುರ್ವಾಸನೆಯೂ ಹೊರಟುವು. ತಿರುವಿ ಹಿಡಿದು ಅಡಿಚಿಪ್ಪನ್ನು ಹೆಬ್ಬೆರಳಿನಿಂದ ಅದುಮಿದರೆ ಅದು ಕೊಂಚ ಒಳಕ್ಕೆ ತಗ್ಗಿ ಮತ್ತೆ ಮೇಲೆದ್ದಿತು. ಬೆಳೆದ ಆಮೆಯ ಚಿಪ್ಪು ಹಾಗೆ ತಗ್ಗಕೂಡದು. ಎಡಮೂಗಿನಲ್ಲಿ ಒಂದು ಗುಳ್ಳೆ ಹುಟ್ಟುತ್ತ ಒಡೆಯುತ್ತ ಇತ್ತು. “ಅಜ್ಜೀ, ಏನೇನು ತಿನ್ನಿಸ್ತಿದ್ರಿ?” ಎಂದು ಕೇಳಿದೆ. “ನಾವು ತಿಂದದ್ದೆಲ್ಲ ಸ್ವಾಮೀ. ಮೊಸರನ್ನ, ಬಾಳೆಹಣ್ಣು, ಸಂಜೆ ಹೊತ್ತು ಬಿಸ್ಕತ್ತು. ಮಗೂಗೆ ಏನೂ ಕಡಿಮೆ ಮಾಡಿಲ್ಲ.” “ಬಿಸಿಲಿಗೆ ಬಿಡ್ತಿದ್ರಾ?” “ಅಯ್ಯೋ, ದೇವರ ಮನೆಯಿಂದ ಆಚೆಗೆ ಬಿಟ್ಟರೆ ನಾಯಿ ಕಚ್ಚಿಬಿಡಲ್ವಾ?”

ಆ ಮುದುಕಿಯನ್ನು ನೋಡಿ ನಗುವುದು ಸುಲಭ, ನ್ಯಾಯವಲ್ಲ. ಆಕೆ ತನಗೆ ಪ್ರಿಯವಾದುದನ್ನೆಲ್ಲ ಅದಕ್ಕೂ ಕೊಟ್ಟಿದ್ದಳು. ಪ್ರಿಯವಾದುದು ಪಥ್ಯವಾಗಿರಬೇಕೆಂಬ ನಿಯಮ ಮಾತ್ರ ಎಲ್ಲಿಯೂ ಇಲ್ಲ. ನಕ್ಷತ್ರ ಆಮೆಯ ಕರುಳು ನಾರಿಗಾಗಿ ಸೃಷ್ಟಿಯಾದುದು, ಅದಕ್ಕೆ ಹಾಲು ಅರಗದು. ಗರಿಕೆ ಹುಲ್ಲು, ದಾಸವಾಳದ ಎಲೆ ಮತ್ತು ಹೂ, ಹಿಪ್ಪುನೇರಳೆ ಸೊಪ್ಪು, ಮುಳ್ಳು ತೆಗೆದ ಪಾಪಾಸುಕಳ್ಳಿ, ಸ್ವಲ್ಪ ನುಗ್ಗೆಸೊಪ್ಪು, ನಮ್ಮ ತೋಟಗಳ ಬದುಗಳಲ್ಲಿ ಪುಕ್ಕಟೆಯಾಗಿ ಬೆಳೆದಿರುವ ಇವೇ ಅದಕ್ಕೆ ಮೃಷ್ಟಾನ್ನ. ಆಹಾರದಲ್ಲಿ ರಂಜಕದ ಎರಡರಷ್ಟಾದರೂ ಸುಣ್ಣದ ಅಂಶವಿರಬೇಕು, ಅನ್ನ ಬಿಸ್ಕತ್ತುಗಳಲ್ಲಿ ಅದು ತಿರುವುಮುರುವು. ಸುಣ್ಣ ಸಾಲದೆ ಬಂದಾಗ ದೇಹವು ತನ್ನ ಎಲುಬಿನಿಂದಲೇ, ಎಂದರೆ ಚಿಪ್ಪಿನಿಂದಲೇ, ಅದನ್ನು ಕದ್ದು ಖರ್ಚುಮಾಡುತ್ತದೆ. ಆ ಆಮೆಯ ಚಿಪ್ಪು ತಗ್ಗಿದ್ದು ಈ ಕಾರಣದಿಂದ. ಕಾನೂನನ್ನೂ ರೋಗವನ್ನೂ ಸಮಾಧಾನವಾಗಿ ವಿವರಿಸಿದ ಮೇಲೆ ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ ಅರಣ್ಯ ಇಲಾಖೆಯವರಿಗೆ ಒಪ್ಪಿಸಲು ಒಪ್ಪಿ, ರವಿಕೆಕಣವನ್ನು ಮಾತ್ರ ವಾಪಸು ಕೊಡಬೇಡಿರೆಂದು ಹೇಳಿ ಹೋದರು. ಆಮೆ ಬೆಂಗಳೂರಿಗೆ ಹೋಯಿತು. ತಿಂಗಳುಗಳ ತರುವಾಯ ಹುಲ್ಲಿಗೆ ಬಾಯಿ ಹಾಕುತ್ತಿದೆಯೆಂಬ ವರ್ತಮಾನ ಬಂತು.

ಚಿಪ್ಪಿನ ಕೊಳೆತಕ್ಕೆ ಕಾರಣ ಹೆಚ್ಚಾಗಿ ಮಲಿನವಾದ ನೀರು, ಒಣಗಲು ಎಡೆಯಿಲ್ಲದಿರುವುದು, ಸಣ್ಣ ಗಾಯ, ಇವು. ಮೆತ್ತಗಾದ ಗುಳಿ, ಕೆಳಗೆ ಕೆಂಪು, ಕೆಟ್ಟ ವಾಸನೆ ಇದರ ಚಿಹ್ನೆ. ಬಣ್ಣ ಬಳಿದ ಚಿಪ್ಪಿನಲ್ಲಿ ಇದು ಮರೆಯಾಗಿ ಬೆಳೆಯುತ್ತದೆ. ಬಿರುಕಿನ ವಿಷಯ ಇನ್ನೂ ಗಂಭೀರವಾದುದು. ಕಲ್ಕತ್ತೆಯ ಅಲಿಪುರ ಮೃಗಾಲಯದಲ್ಲಿ ಅದ್ವೈತವೆಂಬ ಹೆಸರಿನ ಆಲ್ಡಾಬ್ರ ದ್ವೀಪದ ದೈತ್ಯ ಆಮೆಯಿತ್ತು. ಅದಕ್ಕೆ ಇನ್ನೂರೈವತ್ತು ವರ್ಷವೆಂದೂ ರಾಬರ್ಟ್ ಕ್ಲೈವನ ತೋಟದಲ್ಲಿದ್ದುದೆಂದೂ ಪ್ರತೀತಿ. ಅಷ್ಟು ಕಾಲವನ್ನು ಜಯಿಸಿದ ಆ ಪ್ರಾಣಿ 2006ರ ಮಾರ್ಚಿನಲ್ಲಿ ಸತ್ತಿತು. ಅದಕ್ಕೆ ಮುಂಚೆ ಅದರ ಚಿಪ್ಪು ಬಿರುಕು ಬಿಟ್ಟು ಒಳಗೆ ಹುಣ್ಣಾಗಿತ್ತು. ಮೃಗಾಲಯದ ವೈದ್ಯರ ಕಣ್ಗಾವಲಿನಲ್ಲಿದ್ದುದಕ್ಕೇ ಹೀಗಾದರೆ, ನಾಯಿ ಕಚ್ಚಿಯೋ ಟ್ರಾಕ್ಟರಿನ ನೇಗಿಲು ತಗುಲಿಯೋ ಚಿಪ್ಪೊಡೆದ ತೋಟದ ಆಮೆಯ ಗತಿಯನ್ನು ಊಹಿಸಿಕೊಳ್ಳಬಹುದು. ಇಂಥ ಗಾಯಕ್ಕೆ ಅರಿಸಿನ, ಸಗಣಿ, ಸುಣ್ಣ, ಗೋಂದು ಯಾವುದನ್ನೂ ಮೆತ್ತಬಾರದು. ಕಾಯಿಸಿ ಆರಿಸಿದ ಉಪ್ಪುನೀರಿನಿಂದ ಮಣ್ಣನ್ನು ತೊಳೆದು, ಅದೇ ನೀರಿನಲ್ಲಿ ನೆನೆಸಿದ ಶುಭ್ರವಾದ ಬಟ್ಟೆಯನ್ನು ಹೊದೆಸಿ, ನೊಣ ಕೂರದಂತೆ ಮುಚ್ಚಿ ಒಯ್ಯಬೇಕು. ನೊಣ ಕೂತರೆ ಒಂದೆರಡು ದಿನದಲ್ಲಿ ಹುಳು. ಒಳಗಿನ ಅವಯವ ಕಾಣುವಂತಿದ್ದರೆ ಸುರಿದು ತೊಳೆಯುವ ಸಾಹಸವೂ ಬೇಡ.

ಶ್ವಾಸರೋಗಕ್ಕಾಗಲಿ, ಬಳಲಿಕೆಗಾಗಲಿ ಮನೆಯಲ್ಲಿ ಮಾಡಬಹುದಾದ ಉಪಚಾರ ಎರಡೇ, ಕಾವು ಮತ್ತು ನೀರು. ರಟ್ಟಿನ ಪೆಟ್ಟಿಗೆಯ ಒಂದು ಬದಿಗೆ ಬಿಸಿಯಾಗುವ ಹಳೆಯ ಬಗೆಯ ಬಲ್ಬನ್ನು ತೂಗಹಾಕಿ, ಹಗಲೂ ರಾತ್ರಿಯೂ 28-30 ಡಿಗ್ರಿಯ ಕಾವಿರುವಂತೆ ನೋಡಿಕೊಂಡು, ಇನ್ನೊಂದು ಬದಿಯನ್ನು ತಂಪಾಗಿ ಬಿಟ್ಟರೆ ಆಮೆ ತನಗೆ ಬೇಕಾದ ಎಡೆಯನ್ನು ತಾನೇ ಆರಿಸಿಕೊಳ್ಳುತ್ತದೆ. ನೆಲದಾಮೆಯನ್ನು ದಿನಕ್ಕೊಮ್ಮೆ ಗದ್ದದವರೆಗೆ ಬರುವಷ್ಟೇ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ಕೂರಿಸಬೇಕು. ಅದು ತಲೆ ತಗ್ಗಿಸಿ ನಿಧಾನವಾಗಿ ಕುಡಿಯುತ್ತದೆ, ಆಗಲೇ ಮಲಮೂತ್ರಗಳನ್ನೂ ವಿಸರ್ಜಿಸುತ್ತದೆ. ಮೂತ್ರದೊಡನೆ ಬರುವ ಬಿಳಿಯ ಪದಾರ್ಥ ಮೆದುವಾಗಿದ್ದರೆ ಒಳ್ಳೆಯದು; ಮರಳಿನಂತೆ ಗರಗರಿಕೆಯಾಗಿದ್ದರೆ ಬಹುದಿನಗಳಿಂದ ನೀರಿಲ್ಲದೆ ಬತ್ತಿದೆಯೆಂದರ್ಥ. ಬಾಯಿ ಬಿಡಿಸಿ ಗಂಜಿ ಸುರಿಯುವುದು ಮಾತ್ರ ಎಂದಿಗೂ ಸಲ್ಲದು. ಕೆಮ್ಮಲಾರದ ಪ್ರಾಣಿಯ ಶ್ವಾಸನಾಳಕ್ಕೆ ಅದು ಇಳಿದರೆ ಮರಳಿ ಬರುವ ದಾರಿಯಿಲ್ಲ.

ಔಷಧದ ವಿಷಯದಲ್ಲಿ ಚಿಕ್ಕನಾಯಕನಹಳ್ಳಿ, ಹುಳಿಯಾರುಗಳ ಕಡೆಯ ಕುರಿಗಾರ ಬಂಧುಗಳು ಒಂದು ಮಾತನ್ನು ದಯಮಾಡಿ ಮನಸ್ಸಿಟ್ಟು ಕೇಳಬೇಕು. ಹೊಟ್ಟೆಹುಳುವಿಗೂ ಮೈಮೇಲಿನ ಉಣ್ಣೆಗೂ ನೀವು ಕುರಿಗೆ ಹಾಕಿಸುವ ಐವರ್‌ಮೆಕ್ಟಿನ್ ಎಂಬ ಔಷಧ ಮನೆಯಲ್ಲಿ ಮಿಕ್ಕಿರುತ್ತದೆ. ಕುರಿಗೆ ಅಮೃತವಾದ ಈ ಔಷಧ ಆಮೆಗೆ ವಿಷ. ಅತ್ಯಲ್ಪ ಪ್ರಮಾಣದಲ್ಲಿಯೂ ಅದರ ನರಮಂಡಲವನ್ನು ಹೊಕ್ಕು ಕೈಕಾಲು ಜೋಲುಬೀಳಿಸಿ ಉಸಿರನ್ನೇ ನಿಲ್ಲಿಸಿಬಿಡುತ್ತದೆ. ಉಣ್ಣೆ ಹತ್ತಿದ್ದರೆ ಚಿಮಟದಿಂದ ಕೀಳಬಹುದು. ಉಳಿದ ಔಷಧಗಳಲ್ಲಿಯೂ ಹಸುವಿನ ಲೆಕ್ಕಾಚಾರ ಆಮೆಗೆ ಸಲ್ಲುವುದಿಲ್ಲ. ಅದರ ಹಿಂಗಾಲುಗಳ ರಕ್ತ ಹೃದಯಕ್ಕೆ ಹೋಗುವ ಮುನ್ನ ಮೂತ್ರಪಿಂಡಗಳ ಮೂಲಕ ಹಾದುಹೋಗಬಹುದಾದ್ದರಿಂದ ಬಲ್ಲ ವೈದ್ಯರು ಸೂಜಿಮದ್ದನ್ನು ಮುಂಗಾಲಿಗೆ ಕೊಡುತ್ತಾರೆ. ಒಮ್ಮೆ ಕೊಟ್ಟ ಮದ್ದು ಮೈಯಲ್ಲಿ ಬಹುಹೊತ್ತು ನಿಲ್ಲುವುದರಿಂದ ದಿನ ಬಿಟ್ಟು ದಿನವೋ ಇನ್ನೂ ತಡವಾಗಿಯೋ ಕೊಡುವುದೂ ಉಂಟು. ವಾಸಿಯಾಗಲು ವಾರಗಳು, ಚಿಪ್ಪಿನ ಗಾಯವಾದರೆ ವರ್ಷವೂ ಹಿಡಿಯಬಹುದು. ತಾಲ್ಲೂಕಿನ ಎಲ್ಲ ಪಶುವೈದ್ಯರಿಗೂ ಆಮೆಯ ಅಭ್ಯಾಸವಿರಬೇಕೆಂದು ನಿರೀಕ್ಷಿಸಲಾಗದು. ಆದರೆ ಹಾಸನದಲ್ಲಿಯೂ ಬೆಂಗಳೂರಿನ ಹೆಬ್ಬಾಳದಲ್ಲಿಯೂ ಪಶುವೈದ್ಯ ಕಾಲೇಜುಗಳಿವೆ, ಅಲ್ಲಿ ವಿಚಾರಿಸಲು ಯಾವ ವೈದ್ಯನೂ ಸಂಕೋಚಪಡಬೇಕಾಗಿಲ್ಲ.

ಹೆಣ್ಣಾಮೆಯೊಂದು ಊಟ ಬಿಟ್ಟು ಸಿಮೆಂಟಿನ ನೆಲವನ್ನು ಹಿಂಗಾಲಿನಿಂದ ಕೆರೆಯುತ್ತಿದ್ದರೆ ಮೊಟ್ಟೆಯಿಡಲು ಮಣ್ಣು ಹುಡುಕುತ್ತಿದೆಯೆಂದು ತಿಳಿಯಿರಿ. ಅಗೆಯಲು ಮಣ್ಣು ಸಿಗದೆ ಮೊಟ್ಟೆ ಒಳಗೇ ನಿಂತು ಪ್ರಾಣಕ್ಕೆ ಅಪಾಯ ತರುವುದುಂಟು. ಬಾಲದ ಬುಡದಿಂದ ಕೆಂಪು ಮಾಂಸ ಹೊರಬಂದಿದ್ದರೆ ಒಣಗದಂತೆ ಒದ್ದೆ ಬಟ್ಟೆ ಸುತ್ತಿ ಅದೇ ದಿನ ವೈದ್ಯರಲ್ಲಿಗೆ ಒಯ್ಯಬೇಕು. ಆಮೆಯನ್ನು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯುವ ಮಾತು ಮಡಿವಂತಿಕೆಯದಲ್ಲ: ಆರೋಗ್ಯವಾಗಿ ಕಾಣುವ ಆಮೆಯ ಕರುಳಿನಲ್ಲಿಯೂ ಸಾಲ್ಮೊನೆಲ್ಲ ರೋಗಾಣುಗಳಿರಬಹುದು. ಎಳೆಯ ಮಕ್ಕಳು ಪುಟ್ಟ ಆಮೆಗಳನ್ನು ಬಾಯಿಗಿಟ್ಟುಕೊಂಡು ಹೊಟ್ಟೆಬೇನೆಗೆ ತುತ್ತಾಗುತ್ತಿದ್ದುದರಿಂದಲೇ ಅಮೆರಿಕದಲ್ಲಿ 1975ರಲ್ಲಿ ನಾಲ್ಕಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ನಿಷೇಧಿಸಿದರು. ಆಮೆ ಬಿಟ್ಟ ಬಾವಿಯ ನೀರು ಶುದ್ಧವೆಂಬ ನಮ್ಮ ನಂಬಿಕೆಯನ್ನು ಈ ಬೆಳಕಿನಲ್ಲಿ ಇನ್ನೊಮ್ಮೆ ಯೋಚಿಸತಕ್ಕದ್ದು.

ಸಾಮಾನ್ಯವಾಗಿ ನಮ್ಮ ಜನ ಮಾಡುವ ಕೊನೆಯ ಉಪಕಾರವೆಂದರೆ, ಕಾಯಿಲೆಯ ಆಮೆಯನ್ನು ಪುಣ್ಯ ಬರಲೆಂದು ಕೆರೆಗೆ ಬಿಟ್ಟುಬಿಡುವುದು. ನಕ್ಷತ್ರ ಆಮೆಗೆ ಈಜು ಬಾರದು, ಕೆರೆಗೆ ಬಿಟ್ಟರೆ ಮುಳುಗಿ ಸಾಯುತ್ತದೆ. ಕೆಂಪುಪಟ್ಟೆಯದು ಸಾಯುವುದಿಲ್ಲ, ಬದುಕಿಕೊಂಡು ನಮ್ಮ ಹಾಲಾಮೆಯ ಊಟವನ್ನೂ ಜಾಗವನ್ನೂ ಕಸಿದುಕೊಳ್ಳುತ್ತದೆ, ಅದು ಇನ್ನೂ ಕೆಟ್ಟದ್ದು. ಹಾಲಾಮೆಯನ್ನಾದರೂ ಬಿಡಬಹುದಲ್ಲವೆ ಎಂದರೆ, ರೋಗದೊಡನೆ ಬಿಡಬಾರದು. ಅಮೆರಿಕದ ಮೊಹಾವಿ ಮರುಭೂಮಿಯ ಆಮೆಗಳಲ್ಲಿ ಮೂಗು ಸುರಿಯುವ ಒಂದು ಶ್ವಾಸರೋಗ ಹರಡಿ ಅಪಾರವಾದ ಹಾನಿಯಾಯಿತು. ಮನೆಗಳಲ್ಲಿ ಸಾಕಿ ಮರುಭೂಮಿಗೆ ಬಿಟ್ಟ ಆಮೆಗಳೇ ಅದನ್ನು ಹೊತ್ತೊಯ್ದುವೆಂದು ವಿಜ್ಞಾನಿಗಳು ಶಂಕಿಸಿದರು, 1990ರಲ್ಲಿ ಸರ್ಕಾರವು ಅವನ್ನು ಅಪಾಯಕ್ಕೀಡಾದ ಜೀವಿಗಳ ಪಟ್ಟಿಗೆ ಸೇರಿಸಬೇಕಾಯಿತು. ನಮ್ಮಲ್ಲಿಯೂ 2018ರ ನವೆಂಬರಿನಲ್ಲಿ, ಕಳ್ಳಸಾಗಣೆಯಾಗಿ ಸಿಂಗಾಪುರದಲ್ಲಿ ಸಿಕ್ಕ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ಮರಳಿದಾಗ ಅವನ್ನು ನೇರವಾಗಿ ಕಾಡಿಗೆ ಬಿಡದೆ ಮೊದಲು ಪ್ರತ್ಯೇಕವಾಗಿರಿಸಿದ್ದು ಇದೇ ಬಗೆಯ ಎಚ್ಚರಿಕೆಯಿಂದ.

ಹೀಗಾಗಿ ಒಪ್ಪಿಸಬೇಕಾದುದು ಅರಣ್ಯ ಇಲಾಖೆಗೆ. ಹತ್ತಿರದ ವಲಯ ಅರಣ್ಯಾಧಿಕಾರಿಯ ಕಛೇರಿಗೆ ಹೋಗಬಹುದು, ಇಲ್ಲವೆ 1926ಕ್ಕೆ ಫೋನು ಮಾಡಬಹುದು. ಒಯ್ಯುವಾಗ ನೀರಿನ ಬಕೀಟಿನಲ್ಲಿ ಒಯ್ಯಬೇಡಿ. ನೀರಿನ ಆಮೆಯಾದರೂ ಬಳಲಿದ್ದರೆ ಅಲುಗಾಡುವ ಬಕೀಟಿನಲ್ಲಿ ಉಸಿರುಕಟ್ಟೀತು. ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆ, ತಳಕ್ಕೆ ಹಳೆಯ ಪತ್ರಿಕೆ, ನೀರಿನ ಆಮೆಯಾದರೆ ಮೈಮೇಲೆ ಒದ್ದೆ ಗೋಣಿತಾಟು, ಇಷ್ಟು ಸಾಕು. ಬಸ್ಸಿನಲ್ಲಿ ಎಂಜಿನಿನ ಬಿಸಿ ತಗುಲುವ ಕಡೆ ಇಡದಿದ್ದರಾಯಿತು. ಪೆಟ್ಟಿಗೆಯ ಮೇಲೆ ಒಂದು ಚೀಟಿ ಅಂಟಿಸಿ. ಎಷ್ಟು ಕಾಲದಿಂದ ಇತ್ತು, ಏನು ತಿನ್ನುತ್ತಿತ್ತು, ಊಟ ಬಿಟ್ಟು ಎಷ್ಟು ದಿನವಾಯಿತು, ಯಾವ ಔಷಧ ಬಿದ್ದಿದೆ ಎಂಬುದನ್ನು ಅದರಲ್ಲಿ ಮುಚ್ಚುಮರೆಯಿಲ್ಲದೆ ಬರೆಯಿರಿ; ನೀವು ಕೊಟ್ಟ ಮದ್ದಿನ ಹೆಸರನ್ನು ನಾಚಿಕೆಯಿಂದ ಮರೆಮಾಚಿದರೆ ಅಲ್ಲಿಯ ವೈದ್ಯರು ಅದರ ಮೇಲೆ ಇನ್ನೊಂದನ್ನು ಕೊಟ್ಟಾರು. ಎಲ್ಲಕ್ಕಿಂತ ಮುಖ್ಯವಾಗಿ ಅದು ಮೊದಲು ಸಿಕ್ಕಿದ್ದು ಯಾವ ಊರಿನ ಯಾವ ಕೆರೆಯಲ್ಲಿ, ಯಾವ ಹೊಲದ ಬದುವಿನಲ್ಲಿ ಎಂಬುದು ಗೊತ್ತಿದ್ದರೆ ಅದನ್ನೂ ಬರೆಯಿರಿ. ಗುಣವಾದ ಆಮೆಯನ್ನು ಎಲ್ಲಿಗೆ ಬಿಡಬೇಕೆಂಬ ಪ್ರಶ್ನೆ ಬಂದಾಗ ಅವರು ಹುಡುಕುವುದು ಆ ಒಂದು ಸಾಲನ್ನೇ.